ಎರಡನೇ ಟ್ರೇ ಮೇಲಿನ ಕರಿಬೇವು

ಸ್ನೇಹಿತರೇ, “ಮೊಮ್ಮಗಳಿಗೆ ಅದನ್ನೂ ಮಾಡ್ಕೊಡು, ಪರವಾಗಿಲ್ಲ” ಎಂದು ಅತ್ತೆ ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಇವತ್ತು ಊಟಕ್ಕೆ ಓವನ್‌ನಲ್ಲಿ ಬೇಯಿಸೋ ಆಲೂಗಡ್ಡೆ ಕ್ಯಾಸರೋಲ್ ಮಾಡಿದ್ದೆ. ಮಗಳಿಗೆ ಬೀಫ್ ಕೀಮಾ ಹಾಕಿದ್ದು, ಅತ್ತೆಗೂ ನನಗೂ ಸೋಯಾ ಹಾಕಿದ್ದು. ಎರಡೂ ಒಂದೇ ಥರದ ಫಾಯಿಲ್ ಟ್ರೇ, ಮೇಲೆಲ್ಲ ಚೀಸ್. ಗುರುತಿಗೆಂದು ಸೋಯಾ ಟ್ರೇ ಮೇಲೆ ಒಂದು ಎಸಳು ಕರಿಬೇವು ಇಟ್ಟು, ಅತ್ತೆಗೂ ತೋರಿಸಿದೆ.

ಆಫೀಸ್ ಕಾಲ್ ಮುಗಿಸಿ ಬಂದು ನೋಡಿದರೆ ಎರಡರ ಮೇಲೂ ಕರಿಬೇವು! ಟ್ರೇಗಳ ಜಾಗವೂ ಬದಲಾಗಿದ್ದಂತಿತ್ತು.

“ಒಂದು ಬೋಳುಬೋಳಾಗಿ ಕಾಣ್ತಿತ್ತು ಕಣೇ, ನಾನೇ ಇಟ್ಟೆ” ಎಂದರು ಅತ್ತೆ.

ಅಷ್ಟರಲ್ಲಿ ನಮ್ಮ ಯಜಮಾನರು ಮ್ಯಾನ್‌ಹ್ಯಾಟನ್‌ನ ಆಫೀಸಿನಿಂದ ಬಂದರು. ಅವರಮ್ಮನ ಲೆಕ್ಕದಲ್ಲಿ ಇವರು ಚಿಕನ್ ದಾಟಿ ಮುಂದೆ ಹೋದವರಲ್ಲ. ವಿಷಯ ಕೇಳಿ, ಬಗ್ಗಿ ಒಮ್ಮೆ ಮೂಸಿ, “ಅಮ್ಮ, ಈ ಕಡೇದು ಸೋಯಾ. ಧೈರ್ಯವಾಗಿ ತಿನ್ನು” ಎಂದರು.

“ಬೀಫ್ ಮುಟ್ಟೋದೇ ಇಲ್ಲ ಅಂತೀಯ, ವಾಸನೇಲೇ ಹೇಗೋ ಗೊತ್ತಾಯ್ತು?”

“ಸುಮ್ನೆ ಗೆಸ್ ಮಾಡ್ದೆ ಅಮ್ಮ” ಎಂದು ತಟ್ಟೆಗೆ ಬರೀ ಮೊಸರನ್ನ ಬಡಿಸಿಕೊಂಡು ಕೂತರು.

ಆಗ ಈಜು ಕ್ಲಾಸಿನಿಂದ ಮಗಳು ಬಂದಳು. ಬೀಫ್ ಟ್ರೇಯ ಗರಿಗರಿ ಅಂಚನ್ನು ಕತ್ತರಿಸುತ್ತ ಅಪ್ಪನ ತಟ್ಟೆ ನೋಡಿದಳು. “ಡ್ಯಾಡ್, ಯು ಡೋಂಟ್ ವಾಂಟ್ ಯುವರ್ ಕಾರ್ನರ್ ಪೀಸ್?”

ಅತ್ತೆ ತಟ್ಟೆ ಮುಂದಕ್ಕೆಳೆದುಕೊಂಡರು. ಮಗ ತೋರಿಸಿದ ಸೋಯಾ ಟ್ರೇಯಿಂದ, ಯಾವ ಅಳುಕೂ ಇಲ್ಲದೆ, ಎರಡು ಸಲ ಬಡಿಸಿಕೊಂಡು ತಿಂದರು.

ಆ ಎರಡನೇ ಕರಿಬೇವನ್ನು ಅವರು ಅಂದಕ್ಕೆ ಇಟ್ಟಿರಲಿಲ್ಲ ಎಂದು ನನಗೀಗ ಬಲವಾದ ಅನುಮಾನ.