ರಾಗಿ ಮಲಗಿದ ದೊಡ್ಡಿ

ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯವಳು ನಾನು. ಚಿರತೆಗಳ ಅಧ್ಯಯನ ಮಾಡುವ ತಂಡಕ್ಕೆ ಸೇರಿದಾಗ ಅವ್ವ, "ಮಗ್ಗ ಬುಟ್ಟು ಕಿರುಬನ ಇಂದೆ ಓಗವ್ಳೆ" ಎಂದು ಬೀದಿಗೆಲ್ಲ ಸಾರಿದ್ದಳು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಚಿರತೆ ಇನ್ನೂ ಕಿರುಬನೇ.

ಹನೂರು, ಯಳಂದೂರು ಕಡೆಯ ಕಾಡಂಚಿನ ಮರಗಳಿಗೆ ಕ್ಯಾಮೆರಾ ಕಟ್ಟುವುದು, ಯಾವ ಚಿರತೆ ಎಲ್ಲಿ ಓಡಾಡುತ್ತದೆಂದು ನೋಡುವುದು, ಊರೂರು ಸುತ್ತಿ ಆಡುಗಳನ್ನು ಭದ್ರವಾಗಿ ಕೂಡಿಹಾಕಿ ಎಂದು ಗೋಗರೆಯುವುದು ನನ್ನ ಕೆಲಸ. ಆಡು ಹೋದರೆ ಊರವರಿಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದವರು ಬೇಲಿಗೆ ಉರುಳು ಕಟ್ಟುತ್ತಾರೆ. ಅದರಲ್ಲಿ ಚಿರತೆ ಸಿಕ್ಕಿ ಸಾಯುತ್ತದೆ.

ಬಂಡಳ್ಳಿಯ ಆಚೆ ಒಬ್ಬ ಅಜ್ಜಿಯ ಆಡನ್ನು ಚಿರತೆ ಒಯ್ದಿತ್ತು. ಉಳಿದವಕ್ಕೆ ನಮ್ಮ ತಂಡ ತಂತಿ ಜಾಲರಿಯ, ಮೇಲೆ ತಗಡು ಹೊದಿಸಿದ ದೊಡ್ಡಿ ಕಟ್ಟಿಕೊಟ್ಟಿತು. ಸ್ವಲ್ಪ ದಿನ ಬಿಟ್ಟು ಹೋಗಿ ನೋಡಿದರೆ ದೊಡ್ಡಿಯ ತುಂಬ ರಾಗಿ ಮೂಟೆ! ಆಡುಗಳು ಮೊದಲಿನಂತೆ ಜಗುಲಿಯ ಕಂಬಕ್ಕೆ.

ನನಗೆ ರೇಗಿಹೋಯಿತು. "ಅಜ್ಜಿ, ಇದನ್ನ ಕಟ್ಟಿದ್ದು ಆಡಿಗೋ ರಾಗಿಗೋ?"

"ಮನೆ ಸೋರ್ತದೆ ಕಣವ್ವ. ಆಡು ನೆಂದ್ರೆ ಒಣಗ್ತದೆ. ರಾಗಿ ನೆಂದ್ರೆ ಬೂಷ್ಟು ಇಡೀತದೆ. ಅದ್ನ ನೀ ತಿಂದಿಯಾ?"

ಮಾತು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಲ್ಯಾಪ್‌ಟಾಪ್ ತೆರೆದು, ಅವಳ ಹಿತ್ತಿಲಿನ ಹುಣಸೆ ಮರದ ಕ್ಯಾಮೆರಾಗೆ ಸಿಕ್ಕ ಚಿತ್ರ ತೋರಿಸಿದೆ. ಹೆಣ್ಣು ಚಿರತೆ, ಬೆನ್ನ ಹಿಂದೆ ಎರಡು ಮರಿ. "ಇನ್ನೊಂದು ಆಡು ಹೋದ್ರೆ ಯಾರಾದ್ರೂ ಉರುಳು ಹಾಕ್ತಾರೆ ಅಜ್ಜಿ. ಇದೂ ಸಾಯ್ತದೆ, ಮರಿಗಳೂ ಉಳಿಯಲ್ಲ."

ಅಜ್ಜಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಬಾಣ್ತಿ ಕಣವ್ವ. ಅದ್ಕೇ ಇಷ್ಟ್ ಅತ್ರುಕ್ ಬಂದದೆ."

ಆದರೂ ಮೂಟೆಗಳು ಕದಲಲಿಲ್ಲ. ಮರುಗಿದ ಮಾತ್ರಕ್ಕೆ ಸೂರು ಸೋರುವುದು ನಿಲ್ಲುತ್ತದೆಯೇ?

ಮನೆಗೆ ಬಂದು ಅವ್ವನ ಮುಂದೆ ಗೊಣಗಿದೆ. ಮಳೆ ಬಂದಾಗ ಮಗ್ಗಕ್ಕೆ ಹೊದಿಸುತ್ತಿದ್ದ ಟಾರ್ಪಾಲನ್ನು ಅವ್ವ ಮಡಚಿ ನನ್ನ ಕೈಗಿಟ್ಟಳು. "ಮೊದ್ಲು ಇದ್ನ ಆ ಸೂರಿಗೆ ಬಿಗಿ. ಆಮ್ಯಾಕೆ ಬುದ್ಧಿ ಏಳು." ನನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದವಳು ಇವಳೇನಾ ಅನ್ನಿಸಿತು. ಮಾರನೆಯ ದಿನವೇ ಟಾರ್ಪಾಲು ಸೂರೇರಿ, ರಾಗಿ ಮನೆಯೊಳಗೆ ಬಂತು. ಆಡುಗಳು ದೊಡ್ಡಿ ಸೇರಿದವು.

ಮುಂದಿನ ಸಲ ಕ್ಯಾಮೆರಾ ತೆಗೆದು ನೋಡಿದಾಗ ಅದೇ ತಾಯಿ ಚಿರತೆ. ಒಂದು ಚಿತ್ರದಲ್ಲಿ ದೊಡ್ಡಿಯ ಜಾಲರಿಗೆ ಮೂತಿ ತಾಗಿಸಿ ನಿಂತಿದೆ. ಇನ್ನೊಂದರಲ್ಲಿ ಕಾಡಿನ ಕಡೆಗೆ ಹೊರಟ ಬಾಲ ಮಾತ್ರ. ಒಂದಾಡೂ ಹೋಗಿರಲಿಲ್ಲ. ಗೆದ್ದೆನೆಂದು ಬೀಗುತ್ತಾ ಅಜ್ಜಿಗೆ ತೋರಿಸಿದೆ. ಅವಳ ಮುಖ ಸಣ್ಣದಾಯಿತು.

"ನಿನ್ ಮಾತ್ ಕೇಳ್ಕಂಡು ಬಾಣ್ತೀನ ಬಾಗ್ಲಿಂದ ಬರೀ ವಟ್ಟೇಲಿ ಕಳಿಸ್ದಂಗಾಯ್ತಲ್ಲವ್ವ."

"ಕಾಡಲ್ಲಿ ಹಂದಿ, ಮೊಲ ಬೇಕಾದಷ್ಟಿವೆ ಅಜ್ಜಿ. ಉಪವಾಸ ಇರಲ್ಲ ಅದು."

ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಒಳಗೆ ಹೋಗಿ ತಟ್ಟೆಗೆ ಬಿಸಿ ಮುದ್ದೆ ಹಾಕಿ, ಉಪ್ಸಾರು ಬಿಟ್ಟು ತಂದು ನನ್ನ ಮುಂದಿಟ್ಟಳು.

"ನೀನಾರ ಉಂಡೋಗು."