ಕವಿತೆಯ ಸಾಲು ಕೂಡಿಸಿದ ಮಾಸ್ತರರು

ಇಂಡಿ ಊರಿನ ನಮ್ಮ ಕಾಲೇಜಿನ ಕಂಪ್ಯೂಟರ್ ಮಾಸ್ತರರು ಮೌಸ್ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಕಮಾಂಡ್ ಹೊಡೆದು ಕೈಕಟ್ಟಿ ಕೂರುತ್ತಿದ್ದರು. ಬರಹದ ಉದ್ದ, ಗಿಡ್ಡ ಸಾಲುಗಳೆಲ್ಲ ಕೂಡಿಕೊಂಡು ಒಂದೇ ಅಗಲದ ಪ್ಯಾರಾ ಆಗುತ್ತಿದ್ದವು. “ಸಾಲು ನೆಟ್ಟಗಾದ್ರ ಮಾತೂ ನೆಟ್ಟಗಾಗ್ತಾವ್ರಿ” ಎನ್ನುವುದು ಅವರ ಖಾಯಂ ಮಾತು.

ಒಮ್ಮೆ ಕಾಲೇಜಿನ ವಾರ್ಷಿಕ ಸಂಚಿಕೆಯ ಬರಹಗಳನ್ನೆಲ್ಲ ಅದೇ ಕಮಾಂಡಿಗೆ ಒಪ್ಪಿಸಿದರು. ನಿಂಬೆ ತೋಟದ ಮೇಲೆ ಪ್ರಾಚಾರ್ಯರು ಬರೆದ ಕವಿತೆಯೂ ಅದರಲ್ಲಿತ್ತು. ಅಚ್ಚಾಗಿ ಬಂದಾಗ ಅದು ಒಂದೇ ಪ್ಯಾರಾ.

ಪ್ರಾಚಾರ್ಯರು ಸಂಚಿಕೆ ಹಿಡಿದು ಲ್ಯಾಬಿಗೇ ಬಂದರು. “ನನ್ನ ಕವಿತಿ ಎಲ್ಲೈತ್ರಿ?”

“ಅಲ್ಲೇ ಐತ್ರಿ ಸರ್. ಒಂದ ಅಕ್ಷರಾನೂ ಕಳದಿಲ್ರಿ,” ಎಂದರು ಮಾಸ್ತರರು.

“ಮುಂದಿನ ವರ್ಷ ನಿಮ್ಮನ್ನ ಹೆಂಗ ಇಟ್ಕೋಬೇಕು, ನೋಡ್ತೇನಿ.”

ಮಾಸ್ತರರದು ವರ್ಷವರ್ಷ ಮುಂದುವರಿಸಬೇಕಾದ ಹಂಗಾಮಿ ನೌಕರಿ. ಅವತ್ತು ಅವರು ಊಟದ ಡಬ್ಬಿ ಬಿಚ್ಚಲಿಲ್ಲ.

ಸಂಚಿಕೆ ಬಿಡುಗಡೆಯ ದಿನ ಸಿಂದಗಿಯಿಂದ ಬಂದ ಅತಿಥಿಗಳು ವೇದಿಕೆಯಲ್ಲಿ ಪುಟ ತಿರುವಿ, “ಇದರಾಗ ನನ್ನ ಮನಸಿಗೆ ಹಿಡಿಸಿದ್ದು ಪ್ರಾಚಾರ್ಯರ ನಿಂಬಿ ಲೇಖನ. ಎಂಥಾ ತಿಳಿಗದ್ಯರೀ ಅದು!” ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ನನ್ನ ಪಕ್ಕ ಕೂತಿದ್ದ ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಪ್ರಾಚಾರ್ಯರು ನಿಧಾನವಾಗಿ ಎದ್ದು, ಕೈಮುಗಿದು, ಮೈಕಿನತ್ತ ಬಾಗಿದರು.

“ಗದ್ಯ ಬರಿಯೂದು ಭಾಳ ಕಷ್ಟರಿ. ಇದಕ್ಕ ನಾನು ತಿಂಗಳಗಟ್ಟಲೆ ಒದ್ದಾಡೇನಿ.”