ಏಕಾದಶಿ ಮರೆತ ಸುಶಮೀಂದ್ರ

ಮೊದಲ ಸಲ ಬಂದ ದಿನ ಸುಶಮೀಂದ್ರ ಮೈಲಾಪೂರಿನ ಲೀಲಮ್ಮನ ಮನೆ ಮೆಟ್ಟಿಲನ್ನು ಮೂರು ಸಲ ಹತ್ತಿದ. ಒಂದು ಸಲ, ಊಟದ ಕ್ಯಾರಿಯರ್ ಕೊಡುತ್ತೀರಾ ಎಂದು ಕೇಳಲು. ಇನ್ನೊಂದು ಸಲ, ಈರುಳ್ಳಿ ಹಾಕುವುದಿಲ್ಲ ತಾನೆ ಎಂದು ಕೇಳಲು. ಮೂರನೆಯದು, ಎರಡು ಸಲ ಬಂದದ್ದಕ್ಕೆ ಬೇಜಾರಾಯಿತೇ ಎಂದು ಕೇಳಲು.

“ಮೆಟ್ಟಿಲು ಹತ್ತಿದ್ದು ನೀನು. ನಂಗೇನಪ್ಪಾ ಬೇಜಾರು?” ಎಂದಳು ಲೀಲಮ್ಮ.

ಗಂಡ ಹೋದ ಮೇಲೆ ಅವಳು ಗಿಂಡಿ ಬಡಾವಣೆಯ ಒಂದು ಆಫೀಸಿನ ಇಬ್ಬರಿಗೆ ಕ್ಯಾರಿಯರ್ ಕಟ್ಟುತ್ತಿದ್ದಳು. ಒಬ್ಬ ಇವನು, ಇನ್ನೊಬ್ಬ ಕಿಟ್ಟು. ಇಬ್ಬರೂ ಮಾಧ್ವರು, ಇಬ್ಬರಿಗೂ ಒಬ್ಬನೇ ಮ್ಯಾನೇಜರ್. ಗುರುತಿಗೆ ಕಿಟ್ಟುವಿನ ಹಿಡಿಕೆಗೆ ಕೆಂಪು ದಾರ, ಇವನದಕ್ಕೆ ಹಳದಿ.

ಏಕಾದಶಿಗೆ ಅಡುಗೆ ಇಲ್ಲ. ಹಿಂದಿನ ಸಂಜೆಯೇ ಸುಶಮೀಂದ್ರ “ನಾಳೆ ಏಕಾದಶಿ ಮಾಮಿ” ಎಂದು ನೆನಪಿಸುವನು. ಅರವತ್ತು ವರ್ಷ ಉಪವಾಸ ಮಾಡಿದವಳಿಗೆ ಅದು ಬೇಕಿರಲಿಲ್ಲ. ಆದರೂ ನಾಲ್ಕು ವರ್ಷ ಅವನು ಒಂದೂ ತಪ್ಪಿಸಲಿಲ್ಲ. ಕಿಟ್ಟು ಅಂದು ಕ್ಯಾಂಟೀನಿನಲ್ಲಿ ಇಡ್ಲಿ ತಿನ್ನುತ್ತಿದ್ದ. ಲೀಲಮ್ಮ ಕೇಳುತ್ತಿರಲಿಲ್ಲ.

ಐದನೇ ವರ್ಷ ನಾಲ್ವರ ಕೆಲಸ ಆ ಇಬ್ಬರ ತಲೆಗೆ ಬಂತು. ದಿನಾ ಮ್ಯಾನೇಜರ್ ಬೈಗುಳ.

“ನಾನು ‘ಸರಿಂಗ ಸಾರ್’ ಅಂತೀನಿ ಮಾಮಿ. ಮೆಟ್ರೋ ಹತ್ತೋದ್ರೊಳಗೆ ಮರ್ತೋಗತ್ತೆ,” ಎಂದ ಕಿಟ್ಟು, ಡಬ್ಬಿ ವಾಪಸು ಕೊಡುತ್ತಾ. “ಇವನಿಗೆ ಸಾರ್ ನೀರು ಕುಡಿ ಅಂದ್ರೂ, ಯಾಕಂದ್ರು ಅಂತ ಮೂರು ದಿನ ಯೋಚಿಸ್ತಾನೆ.”

“ಯಾಕಂದ್ರು ಅಂತ ನಿಂಗೊತ್ತಾ?” ಎಂದ ಸುಶಮೀಂದ್ರ.

ಕೆಂಪು ದಾರದ ಡಬ್ಬಿ ಖಾಲಿ ಬರುತ್ತಿತ್ತು. ಹಳದಿಯದರಲ್ಲಿ ಮೊದಲ ತಿಂಗಳು ಒಂದು ಹಿಡಿ ಅನ್ನ ಉಳಿಯಿತು, ಮರು ತಿಂಗಳು ಎರಡು. ಆಮೇಲೆ ಪಲ್ಯದ ಮುಚ್ಚಳವನ್ನೇ ತೆಗೆದಿರಲಿಲ್ಲ. ಅವಳು ಸಾರಿಗೆ ಹುಳಿ ಕಮ್ಮಿ ಮಾಡಿ ನೋಡಿದಳು. ತಪ್ಪು ಹುಳಿಯದಾಗಿರಲಿಲ್ಲ.

ಒಂದು ಬೆಳಿಗ್ಗೆ ಸುಶಮೀಂದ್ರ ಬಾಗಿಲಲ್ಲಿ ನಿಂತು ಕ್ಯಾರಿಯರ್‌ಗೆ ಕೈ ಚಾಚಿದ. ಒಲೆ ಹಚ್ಚಿರಲಿಲ್ಲ.

“ಇವತ್ತೇನು ದಿನ?” ಎಂದಳು ಲೀಲಮ್ಮ.

“ಏನಾದ್ರೇನು ಮಾಮಿ, ಎಲ್ಲಾ ಒಂದೇ.”

ಅಂದು ಏಕಾದಶಿ. ಅವಳು ಅವನನ್ನು ಕೂರಿಸಿ ಕಿಟ್ಟುವಿಗೆ ಫೋನ್ ಮಾಡಿದಳು. “ಇವನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗು. ಹೊಟ್ಟೆ ಡಾಕ್ಟರಲ್ಲ, ಮನಸ್ಸಿನ ಡಾಕ್ಟರು.”

“ನಂಗೂ ಅದೇ ಕೆಲ್ಸ, ಅದೇ ಬೈಗುಳ. ನಂಗೇನಾಗಿದೆ ಮಾಮಿ?”

“ನಿಂಗೆ ಯಾವ್ದೂ ಅಂಟಲ್ಲ, ಅವನಿಗೆ ಎಲ್ಲಾ ಅಂಟತ್ತೆ. ಒಂದೇ ಸಾರು ಒಬ್ಬನಿಗೆ ಖಾರ ಆಗಲ್ವೇ? ಬಾ ಬೇಗ.”

ಅಡ್ಯಾರಿನ ಡಾಕ್ಟರು ಇದು ಖಿನ್ನತೆ ಎಂದು ಹೇಳಿ, ಮಾತ್ರೆ ಬರೆದು, ಎರಡು ತಿಂಗಳು ರಜೆ ಹಾಕಿಸಿ, ವಾರಕ್ಕೊಮ್ಮೆ ಬಂದು ಮಾತಾಡು ಎಂದರು. ಕಾಯಿಲೆ ವಾಸಿಯಾಗುತ್ತದೆ, ಸ್ವಭಾವ ಇದ್ದ ಹಾಗೇ ಇರುತ್ತದೆ ಎಂದೂ ಹೇಳಿದರಂತೆ. ಮೂರನೇ ತಿಂಗಳಿಗೆ ಪಲ್ಯದ ಮುಚ್ಚಳ ತೆರೆಯಿತು. ಅನ್ನ ಮುಗಿಯಲು ಇನ್ನೂ ನಾಲ್ಕು ತಿಂಗಳಾಯಿತು.

ಆಮೇಲೆ ಅವನಿಗೆ ಹೊಸೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಹೊರಡುವ ದಿನ ಡಬ್ಬಿಯನ್ನು ತೊಳೆದು, ಒರೆಸಿ ತಂದುಕೊಟ್ಟು, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದ.

“ನಾಡಿದ್ದು ಏಕಾದಶಿ ಮಾಮಿ. ನಾನಿರಲ್ಲ. ನಿಮಗೆ ಯಾರು ಹೇಳ್ತಾರೆ?”